ಕಲಘಟಗಿ ಕಾಡಂಚಿನ ನೀಲಿ ಪತಂಗ: ಇದು ಯಾವ ಕುಟುಂಬದ್ದು?

ಸಾಧನಕೇರಿ: ಭಾನುವಾರ ಬೆಳಿಗ್ಗೆ ಕಲಘಟಗಿ ಕಡೆ ಕಾಡಂಚಿನಲ್ಲಿ ಡಿಸ್ಫೇನಿಯಾ ಪರ್ಕೋಟಾ ಕಂಡಿತು. ನೀಲಿ ರೆಕ್ಕೆ, ಕಪ್ಪು ಮಚ್ಚೆ. ಇಷ್ಟು ವರ್ಷ ಸುತ್ತಿದ್ದರಲ್ಲಿ ನನಗೆ ಸಿಕ್ಕಿದ್ದು ಇದು ಎರಡನೇ ಸಲ. ಜಿಯೋಮೆಟ್ರಿಡೇ ಕುಟುಂಬದ ಪತಂಗ. ಬ್ಲೂ ಟೈಗರ್ ಮಾತ್ ಅಂತಾರೆ.

ಉಣಕಲ್: ಬ್ಲೂ ಟೈಗರ್ ನಮ್ಮ ಹಿತ್ತಲಿಗೂ ಬರುತ್ತದೆ. ಅದು ಪಾತರಗಿತ್ತಿ ರೀ. ಪತಂಗ ರಾತ್ರಿ ದೀಪಕ್ಕೆ ಬರುವಂಥದ್ದು.

ಸಾಧನಕೇರಿ: ಹಿತ್ತಲಿಗೆ ಬರೋದು ಬ್ಲೂ ಟೈಗರ್ ಚಿಟ್ಟೆ. ಹೆಸರು ಒಂದೇ, ಹುಳ ಬೇರೆ. ಚಿಟ್ಟೆಯ ಕುಡಿಮೀಸೆಯ ತುದಿ ಗುಂಡಗೆ ದಪ್ಪ ಇರುತ್ತದೆ. ಇದರದ್ದು ಹಾಗಿಲ್ಲ.

ಗದಗ ಮಾಸ್ತರ್: ಧಾರವಾಡದವರಾಗಿ 'ಚಿಟ್ಟೆ' ಅಂತೀರಾ? ನಮ್ಮ ಮಾತು ಪಾತರಗಿತ್ತಿ.

ಹಾವೇರಿ ಹುಡುಗ: ಮಾಸ್ತರ್, ನಮ್ಮಜ್ಜಿ ರೆಕ್ಕೆ ಇದ್ದದ್ದಕ್ಕೆಲ್ಲ ಪಾತರಗಿತ್ತಿ ಅನ್ನುತ್ತಿದ್ದಳು. ದೀಪಕ್ಕೆ ಬಂದದ್ದೂ ಪಾತರಗಿತ್ತಿನೇ.

ಗದಗ ಮಾಸ್ತರ್: ನಿಮ್ಮಜ್ಜಿ ತಪ್ಪು. ದೀಪಕ್ಕೆ ಬರೋದು ದೀಪದ ಹುಳ.

ಹಾವೇರಿ ಹುಡುಗ: ಅಜ್ಜಿ ಸುದ್ದಿಗೆ ಬರಬೇಡಿ. ಹೊಲದಲ್ಲೇ ಬಾಳಿದವಳು ಆಕೆ. ಆಕೆಯ ಮಾತು ತಪ್ಪು ಅನ್ನೋಕೆ ನೀವ್ಯಾರು?

ಕಪ್ಪತಗುಡ್ಡ: ಹೆಸರಿನ ಜಗಳ ಸಾಕು. ಜಿಯೋಮೆಟ್ರಿಡೇ ಒಳಗೆ ಇದನ್ನು ಜಿಯೋಮೆಟ್ರಿನೇ ಉಪಕುಟುಂಬಕ್ಕೆ ಸೇರಿಸಿದ್ದಾರೆ. ಅಲ್ಲಿ ಜಾಸ್ತಿ ಹಸಿರು ಪತಂಗಗಳು. ಈ ನೀಲಿಗೆ ಅಲ್ಲೇನು ಕೆಲಸ? ನನಗೆ ಒಪ್ಪಿಗೆಯಿಲ್ಲ.

ಸಾಧನಕೇರಿ: ಬಣ್ಣ ನೋಡಿ ಕುಟುಂಬ ಹೇಳೋಕಾಗಲ್ಲ. ಮರಿಹುಳ ನೋಡಿ. ಬೇರೆ ಮರಿಹುಳಗಳಿಗೆ ಸಾಮಾನ್ಯವಾಗಿ ಹೊಟ್ಟೆಯ ಕೆಳಗೆ ಐದು ಜೋಡಿ ಮೆತ್ತನೆ ಕಾಲು. ಈ ಕುಟುಂಬದಲ್ಲಿ ಹೆಚ್ಚಿನವಕ್ಕೆ ಹಿಂದೆ ಎರಡೇ ಜೋಡಿ. ನಡು ಎತ್ತಿ, ಗೇಣು ಹಾಕಿದ ಹಾಗೆ ನಡೆಯುತ್ತವೆ. ಜಿಯೋಮೆಟ್ರಿಡೇ ಅಂದರೇ ನೆಲ ಅಳೆಯುವವು. ಬ್ರಿಟಿಷ್ ಕೀಟತಜ್ಞ ಚಾರ್ಲ್ಸ್ ಸ್ವಿನ್ಹೋ 1891ರಲ್ಲೇ ಈ ಪತಂಗವನ್ನು ವಿವರಿಸಿದ್ದಾರೆ.

ಕಪ್ಪತಗುಡ್ಡ: 1891ರ ಮಾತು ಇವತ್ತಿಗೂ ವೇದವಾಕ್ಯವಾ? ಆಗ ಡಿಎನ್‌ಎ ಪರೀಕ್ಷೆ ಎಲ್ಲಿತ್ತು?

ಸಾಧನಕೇರಿ: ನಾನು ಕಾಲಿನ ಬಗ್ಗೆ ಹೇಳಿದೆ. ನೀವು ಇಸವಿ ಹಿಡಿದುಕೊಂಡಿರಿ.

ಗದಗ ಮಾಸ್ತರ್: 'ಗೇಣು ಹಾಕಿದ ಹಾಗೆ'. ನೋಡಿ, ಇದು ನಮ್ಮ ಮಾತು! ಹಾಗೇ ಪಾತರಗಿತ್ತಿನೂ ಬರೆಯಿರಿ.

ಹಾವೇರಿ ಹುಡುಗ: ಪತಂಗಕ್ಕೂ ಪಾತರಗಿತ್ತಿ ಅನ್ನಬಹುದು ಅಂತ ಒಪ್ಪಿದಿರಿ ಹಾಗಾದರೆ?

ಗದಗ ಮಾಸ್ತರ್: ಒಪ್ಪಿಲ್ಲ. ಓದೋದು ಕಲಿ ತಮ್ಮಾ.

ಹಾವೇರಿ ಹುಡುಗ: ಮೊದಲು ನಮ್ಮಜ್ಜಿಗೆ ಅಂದದ್ದನ್ನು ವಾಪಸ್ ತಗೊಳ್ಳಿ. ಆಮೇಲೆ ಪಾಠ.

ಸಾಧನಕೇರಿ: ಇದರ ಮರಿಹುಳ ಕರಾಲಿಯಾ ಮರದ ಎಲೆ ತಿನ್ನುತ್ತದೆ. ಮುಂದಿನ ವಾರ ಆ ಮರ ಹುಡುಕಿಕೊಂಡು ಹೋಗುತ್ತೇನೆ. ಸಿಕ್ಕರೆ ಫೋಟೋ ಹಾಕುತ್ತೇನೆ. ಕಾಲು ನೀವೇ ಎಣಿಸಿ.

ಉಣಕಲ್: ಕುಡಿಮೀಸೆಯ ಫೋಟೋನೂ ಹಾಕಿ. ಅಲ್ಲಿವರೆಗೆ ನನ್ನ ಲೆಕ್ಕದಲ್ಲಿ ಅದು ಪಾತರಗಿತ್ತಿನೇ.