ತೋಟದ ಯಜಮಾನಿಕೆ ಬಂದ ಮೇಲೆ ಸಿಟ್ಟು ಜಾಸ್ತಿಯಾಗಿದೆ, ನಿಮ್ಮ ಅನುಭವ ಹೇಳಿ

ನಮ್ಮದು ತೀರ್ಥಹಳ್ಳಿ ಕಡೆ. ಈ ವರ್ಷದಿಂದ ಅಪ್ಪ ತೋಟದ ವ್ಯವಹಾರ ಪೂರ್ತಿ ನನಗೆ ಬಿಟ್ಟಿದ್ದಾರೆ. ಮಂಡಿಯಲ್ಲಿ ವ್ಯಾಪಾರಿ ಅಡಿಕೆ ಕೈಗೆತ್ತಿಕೊಂಡು, ಮುಖ ಸಿಂಡರಿಸಿ ದರ ಇಳಿಸಿದರೂ ನನಗೆ ಬಾಯೇ ಬರುವುದಿಲ್ಲ. ಮನೆಗೆ ಬಂದರೆ ಕೆಲಸದವರ ಮೇಲೆ, ಹೆಂಡತಿ ಮೇಲೆ ರೇಗಾಟ. ಸಿಟ್ಟನ್ನು ಹಿಡಿತಕ್ಕೆ ತರುವುದು ಹೇಗೆ?

ಸಾಗರದ ಬೆಳೆಗಾರ್ತಿ:
ಸಿಟ್ಟು ತಡೆಯಲು ನಿಮಗೆ ಬರುತ್ತದೆ. ಮಂಡಿಯಲ್ಲಿ ತಡೆಯುತ್ತೀರಿ ಅಲ್ವಾ? ತಿರುಗಿ ಮಾತಾಡಲಾರದವರ ಎದುರು ಮಾತ್ರ ಅದು ಹೊರಗೆ ಬರುತ್ತಿದೆ. ಕೊಯ್ಲಿನ ಹೊತ್ತಿಗೆ ಎಲ್ಲ ಮನೆಗಳಲ್ಲೂ ಇದೇ ಕಥೆ. ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಬಣ್ಣ ಕಟ್ಟುವ ಚೊಗರಿನ (ಅಡಿಕೆ ಬೇಯಿಸಿದ ಗಟ್ಟಿ ನೀರಿನ) ಹದ ನೋಡಬೇಕು, ಒಣಗಲು ಹಾಕಿದ್ದರ ಮೇಲೆ ಮೋಡ ಕವಿಯುತ್ತದೆ. ಸುಲಿಯುವವರು ನಾಲ್ಕು ಜನ ಬಂದಿರುವುದಿಲ್ಲ. ಆಗ ಬೈಗುಳ ಬೀಳುವುದು ಬಂದು ಕೂತವರಿಗೇ! ನಮ್ಮಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡೆವು. ತಕರಾರು ಏನೇ ಇರಲಿ, ಕೆಲಸದ ನಡುವೆ ನಿಂತು ಹೇಳುವ ಹಾಗಿಲ್ಲ. ಸಂಜೆ ಸುಲಿದ ಅಡಿಕೆಯನ್ನು ಡಬ್ಬದಲ್ಲಿ ಅಳೆದು, ಚಹಾ ಆದ ಮೇಲೆ ಕೂತು ಹೇಳಬೇಕು. ಅವರೂ ನಮಗೆ ಹೇಳಬೇಕು. ಶುರುವಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಕೊನೆಗೆ ಒಬ್ಬಾಕೆ, ಮೆಟ್ಟುಗತ್ತಿ ಮೊಂಡಾಗಿದೆ, ಒತ್ತಿ ಒತ್ತಿ ಕೈ ನೋಯುತ್ತಿದೆ ಎಂದರು. ಸುಲಿಯುವುದು ನಿಧಾನ ಆಗುತ್ತಿದ್ದದ್ದು ಅದಕ್ಕೇ. ಬೈದಿದ್ದರೆ ಇದು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಶಿವಮೊಗ್ಗದಲ್ಲಿ ಮನಃಶಾಸ್ತ್ರ ಕಲಿಸುವವರು:
ಅಮೆರಿಕದ ಮನಃಶಾಸ್ತ್ರಜ್ಞ ಡ್ಯಾಕರ್ ಕೆಲ್ಟ್ನರ್ ಮತ್ತು ಸಂಗಡಿಗರು 2003ರಲ್ಲಿ ಮಂಡಿಸಿದ ವಾದ ನಿಮಗೆ ಸರಿಯಾಗಿ ಹೊಂದುತ್ತದೆ. ಕೈಯಲ್ಲಿ ಬಲ ಇದೆ ಅನ್ನಿಸಿದಾಗ ಮನುಷ್ಯ ಮುನ್ನುಗ್ಗುತ್ತಾನೆ. ಇಲ್ಲ ಅನ್ನಿಸಿದಾಗ ಹಿಂಜರಿಯುತ್ತಾನೆ, ಎಲ್ಲಿ ಪೆಟ್ಟು ಬೀಳುತ್ತದೋ ಎಂದು ನೋಡುತ್ತಿರುತ್ತಾನೆ. ನಿಮಗೆ ಎರಡೂ ಒಂದೇ ದಿನ ಆಗುತ್ತಿದೆ. ಇನ್ನೊಂದು ವಿಷಯ ಮನಃಶಾಸ್ತ್ರಜ್ಞ ಜೇಮ್ಸ್ ಗ್ರಾಸ್ ಅವರ ಸಂಶೋಧನೆಯದ್ದು. ಸಿಟ್ಟನ್ನು ಮುಖದಲ್ಲಿ ತೋರಿಸದೆ ಅದುಮಿದರೆ ಒಳಗಿನ ಬೇಗುದಿ ತಗ್ಗುವುದಿಲ್ಲ, ಆ ಹೊತ್ತಿನಲ್ಲಿ ಕೇಳಿದ ಮಾತೂ ಸರಿಯಾಗಿ ನೆನಪಿರುವುದಿಲ್ಲ. ನಡೆದದ್ದನ್ನು ಬೇರೆ ರೀತಿ ನೋಡಲು ಆದರೆ ಬೇಗುದಿಯೇ ಇಳಿಯುತ್ತದೆ. ಹಾಗಾಗಿ ಮನೆಯಲ್ಲೂ ಹಲ್ಲು ಕಚ್ಚಿ ಸುಮ್ಮನಿರಿ ಅಂತ ನಾನು ಹೇಳುವುದಿಲ್ಲ. ಮಂಡಿಯಲ್ಲಿ ನಿಮ್ಮ ಕೈ ಗಟ್ಟಿ ಮಾಡಿಕೊಳ್ಳಿ.

ಹೊಸನಗರದಿಂದ:
ಕೈ ಗಟ್ಟಿಯಾಗುವುದು ಹೀಗೆ. ಹೊರಡುವ ಮುಂಚೆ ರಾಶಿ, ಬೆಟ್ಟೆ ಹೀಗೆ ನಿಮ್ಮ ಅಡಿಕೆಯ ದರ್ಜೆಗೆ ಆ ದಿನದ ದರ ಎಷ್ಟು ಅಂತ ಫೋನಲ್ಲಿ ನೋಡಿ. ಇಷ್ಟಕ್ಕಿಂತ ಕೆಳಗೆ ಕೊಡುವುದಿಲ್ಲ ಅಂತ ಮನೆಯಲ್ಲೇ ಚೀಟಿಯಲ್ಲಿ ಬರೆದಿಡಿ. ಮ್ಯಾಮ್ಕೋಸ್‌ನಂಥ ಅಡಿಕೆ ಮಾರಾಟದ ಸಹಕಾರ ಸಂಘದ ದಾರಿಯೂ ಇದೆ. ಬೇರೆ ದಾರಿ ಗೊತ್ತಿದ್ದರೆ, "ಈ ದರಕ್ಕೆ ಆಗಲ್ಲ" ಅನ್ನಲು ದನಿ ಏರಿಸಬೇಕಾಗಿಲ್ಲ. ಮತ್ತೆ, ಮಂಡಿಯಲ್ಲಿ ಏನಾಯಿತು ಅಂತ ಹೆಂಡತಿಗೆ ಹೇಳಿ. ಮುಂದಿನ ಸಲ ಅವರನ್ನೂ ಕರೆದುಕೊಂಡು ಹೋಗಿ. ನಮ್ಮಲ್ಲಿ ದರ ಮಾತಾಡುವುದು ನನ್ನ ಹೆಂಡತಿಯೇ.