ಮಗು ಶಾಲೆಯಲ್ಲಿ ನೀರೇ ಕುಡಿಯುತ್ತಿಲ್ಲ, ಏನು ಮಾಡಲಿ?

ಕೇಳಿದವರು: ಕಲಬುರಗಿಯ ಒಬ್ಬ ತಾಯಿ

ನನ್ನ ಮಗು ಎಂಟನೇ ತರಗತಿ. ಹುಟ್ಟಿದಾಗ ಗಂಡು ಅಂತ ಬರೆಸಿದ್ದೇವೆ. ಹೋದ ದೀಪಾವಳಿ ಮುಂದೆ ಒಂದು ರಾತ್ರಿ, ಲೈಟ್ ಆರಿಸಿದ ಮೇಲೆ, "ಮಮ್ಮಿ, ನಾನು ಹುಡುಗ ಅಲ್ಲ" ಅಂತು. ಅವತ್ತಿನಿಂದ ಕೂದಲು ಬಿಟ್ಟಿದೆ. ನಮ್ಮ ಮನೆಯವರು ಆ ಮಾತೇ ಎತ್ತುವುದಿಲ್ಲ.

ಈಗಿನ ತೊಂದರೆ ಇದು. ಬೆಳಿಗ್ಗೆ ತುಂಬಿ ಕೊಟ್ಟ ನೀರಿನ ಬಾಟಲಿ ಸಂಜೆ ಹಾಗೇ ತುಂಬಿ ಬರುತ್ತದೆ. ಜೂನ್ ಬಂದರೂ ನಮ್ಮೂರ ಬಿಸಿಲು ಗೊತ್ತಲ್ಲ. ಮನೆಗೆ ಬಂದ ಕೂಡಲೇ ಬೂಟು ಬಿಚ್ಚದೆ ಸಂಡಾಸಕ್ಕೆ ಓಡುತ್ತದೆ. ಹುಡುಗರ ಸಂಡಾಸದಲ್ಲಿ ಪ್ಯಾಂಟ್ ಎಳೆಯುತ್ತಾರಂತೆ. ಉರಿಮೂತ್ರ ಶುರುವಾಗಿ ಡಾಕ್ಟರ್ ಹತ್ತಿರ ಹೋಗಿ ಬಂದೆವು. ಶಾಲೆಯಲ್ಲಿ ಹೇಳಿದರೆ "ಕೂದಲು ಕತ್ತರಿಸಿ, ಇಲ್ಲಾ ಟಿಸಿ ತೆಗೆದುಕೊಳ್ಳಿ" ಅಂದರು. ಇಂಥದ್ದನ್ನು ದಾಟಿ ಬಂದವರು ಯಾರಾದರೂ ಇದ್ದೀರಾ? ಶಾಲೆಯವರ ಮುಂದೆ ಏನಂತ ಮಾತಾಡಲಿ?

ಬೀದರ್ ಕಡೆಯ ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ

ಅಕ್ಕಾ, ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಒಂಬತ್ತನೇ ತರಗತಿಯ ಒಂದು ಮಗು ನನ್ನ ಹತ್ತಿರ ಇಂಥದೇ ಮಾತು ಹೇಳಿತು. ಒಳ್ಳೇದು ಮಾಡುತ್ತಿದ್ದೇನೆ ಅಂದುಕೊಂಡು ಅವತ್ತೇ ಅದರ ಮನೆಗೆ ಫೋನ್ ಮಾಡಿದೆ. ಮಾಡಲಾ ಅಂತ ಮಗುವನ್ನು ಕೇಳಲೇ ಇಲ್ಲ. ಹನ್ನೊಂದು ದಿನ ಶಾಲೆಗೆ ಬರಲಿಲ್ಲ. ಬಂದಾಗ ತಲೆ ಬೋಳಿಸಿದ್ದರು. ನನ್ನ ಕಡೆ ನೋಡಲೂ ಇಲ್ಲ. ಅದು ಮತ್ತೆ ನನ್ನ ಹತ್ತಿರ ಮಾತಾಡಲು ದಸರಾ ರಜೆ ಮುಗಿಯಬೇಕಾಯಿತು.

ಆಮೇಲೆ ಮಾಡಿದ್ದು ಸಣ್ಣ ಸಣ್ಣ ಕೆಲಸಗಳು. ಸ್ಟಾಫ್ ರೂಮಿನ ಪಕ್ಕದ ಶೌಚಾಲಯ ಬಿಟ್ಟುಕೊಟ್ಟೆವು. ಕೀಲಿಕೈ ನನ್ನ ಮೇಜಿನ ಡ್ರಾಯರ್‌ನಲ್ಲಿ. ಕೇಳುವುದೇನಿಲ್ಲ, ಸುಮ್ನೆ ತೆಗೆದುಕೊಂಡು ಹೋಗುವುದು. ಕಾಲು ಮುರಿದುಕೊಂಡಿದ್ದ ಇನ್ನೊಂದು ಮಗುವಿಗೂ ಅದೇ ಕೀಲಿಕೈ. ಹಾಗಾಗಿ ಯಾರೂ "ಇವರಿಗೇನು ಸ್ಪೆಷಲ್" ಅನ್ನಲಿಲ್ಲ. ಹಾಜರಿ ಪುಸ್ತಕದ ಹೆಸರು ಬದಲಾಯಿಸುವುದು ನನ್ನ ಕೈಯಲ್ಲಿ ಇರಲಿಲ್ಲ. ಕರೆಯುವ ರೀತಿ ನನ್ನ ಕೈಯಲ್ಲಿತ್ತು. ಇಡೀ ತರಗತಿಗೇ ನಂಬರ್ ಕರೆದು ಹಾಜರಿ ತೆಗೆದುಕೊಳ್ಳಲು ಶುರು ಮಾಡಿದೆ.

ಇನ್ನೊಂದು ನನಗೆ ತಡವಾಗಿ ಹೊಳೆಯಿತು. ಕನ್ನಡ ಪದ್ಯ ಗಡಗಡ ಹೇಳುವ ಮಗು ಹಿಂದಿ ಪಿರಿಯಡ್‌ನಲ್ಲಿ ಬಾಯಿ ತೆಗೆಯುತ್ತಿರಲಿಲ್ಲ. ದಡ್ಡ ಅಂದುಕೊಂಡಿದ್ದರು. ಕನ್ನಡದಲ್ಲಿ "ನಾನು ಬರುತ್ತೇನೆ" ಅಂದರೆ ಹುಡುಗನೋ ಹುಡುಗಿಯೋ ಗೊತ್ತಾಗುವುದಿಲ್ಲ. ಹಿಂದಿಯಲ್ಲಿ "ಆತಾ ಹೂಂ" ಇಲ್ಲಾ "ಆತೀ ಹೂಂ", ಒಂದನ್ನು ಆರಿಸಲೇಬೇಕು. ಅದೂ ಎಲ್ಲರ ಮುಂದೆ, ಎದ್ದು ನಿಂತು. ಹಿಂದಿ ಅಕ್ಕೋರಿಗೆ ಹೇಳಿದೆ. ಪಾಪ, ಒಳ್ಳೆಯವರು. ತನ್ನ ಬಗ್ಗೆ ಹೇಳಿಸುವ ಬದಲು ಪಾಠ ಓದಿಸಲು ಶುರು ಮಾಡಿದರು. ದನಿ ಬಂತು.

ಶಾಲೆಯಲ್ಲಿ ಏನಂತ ಮಾತಾಡಲಿ ಅಂದಿರಿ. ಮಾತು ಕಡಿಮೆ ಮಾಡಿ, ಬರೆದು ಕೊಡಿ. ನಮ್ಮ ಹೆಡ್‌ಮಾಸ್ತರು "ಸರ್ಕ್ಯುಲರ್ ಎಲ್ಲಿದೆ?" ಅಂತಲೇ ಕೇಳಿದ್ದು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆಯ 13ನೇ ಕಲಂ ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಟ್ಟೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಎಲ್ಲ ಶಾಲೆಗಳೂ ತಾರತಮ್ಯವಿಲ್ಲದೆ ಓದು, ಆಟ ಎರಡಕ್ಕೂ ಅವಕಾಶ ಕೊಡಬೇಕು ಅಂತ ಅದರಲ್ಲಿದೆ. ಖಾಸಗಿ ಶಾಲೆಯೂ ಮಾನ್ಯತೆ ಪಡೆದೇ ನಡೆಯುತ್ತದೆ ಅಲ್ವಾ? ಅವರು ಎರಡು ಸಲ ಓದಿದರು. ಕೊನೆಗೆ ಶಿಕ್ಷಕರ ಸಭೆಯ ನಡಾವಳಿ ಪುಸ್ತಕದಲ್ಲಿ ಎರಡೇ ಸಾಲು ಬರೆಸಿದೆವು: ಅಗತ್ಯವಿರುವ ಯಾವುದೇ ವಿದ್ಯಾರ್ಥಿ ಸ್ಟಾಫ್ ಶೌಚಾಲಯ ಬಳಸಬಹುದು, ಕಾರಣ ಕೇಳಬಾರದು. ಮಗುವಿನ ಹೆಸರು ಬರೆಸಲಿಲ್ಲ. ಮರುವರ್ಷ ಹೆಡ್‌ಮಾಸ್ತರಿಗೆ ವರ್ಗ ಆಯಿತು. ಹೊಸಬರು ಬಂದು ತಕರಾರು ತೆಗೆದಾಗ ಆ ಎರಡು ಸಾಲೇ ನಮ್ಮನ್ನು ಕಾಯ್ದದ್ದು.

ಮೇಲಿನಿಂದ ಏನಾದರೂ ಬರಲಿ ಅಂತ ಮಾತ್ರ ಕಾಯಬೇಡಿ. 2021ರಲ್ಲಿ ಎನ್‌ಸಿಇಆರ್‌ಟಿ, ಅದೇ ಪಠ್ಯಪುಸ್ತಕ ಮಾಡುವ ಕೇಂದ್ರದ ಸಂಸ್ಥೆ, ಶಿಕ್ಷಕರಿಗಾಗಿ ಇದೇ ವಿಷಯದ ಕೈಪಿಡಿ ತಂದಿತ್ತು. ಶೌಚಾಲಯ, ಸಮವಸ್ತ್ರ ಎಲ್ಲಾ ಅದರಲ್ಲಿತ್ತು. ಗಲಾಟೆಯಾಗಿ ಕೆಲವೇ ದಿನಗಳಲ್ಲಿ ವೆಬ್‌ಸೈಟಿನಿಂದ ತೆಗೆದರು.

ಯಾದಗಿರಿ ಜಿಲ್ಲೆಯ ಪಿಟಿ ಸರ್

ನನ್ನದು ಚಿಕ್ಕದು. ಪ್ರಾರ್ಥನೆಗೆ ಗಂಡು ಸಾಲು, ಹೆಣ್ಣು ಸಾಲು ನಿಲ್ಲಿಸುವುದನ್ನು ಬಿಟ್ಟೆ. ಎತ್ತರದ ಪ್ರಕಾರ ನಿಲ್ಲಿಸುತ್ತೇನೆ. ಯಾರೂ ಏನೂ ಕೇಳಲಿಲ್ಲ, ಅದೇ ಆಶ್ಚರ್ಯ. ಕಬಡ್ಡಿಯದ್ದು ಇನ್ನೂ ಬಗೆಹರಿದಿಲ್ಲ. ತಾಲೂಕು ಮಟ್ಟಕ್ಕೆ ಹೋದರೆ ಬಾಲಕರು, ಬಾಲಕಿಯರು, ಎರಡೇ ಪಟ್ಟಿ. ಶಾಲೆಯೊಳಗಿನ ಆಟಕ್ಕಾದರೂ ಮಿಶ್ರ ತಂಡ ಮಾಡುತ್ತೇನೆ. ನಿಮ್ಮ ಮಗುವಿಗೆ ಬಟ್ಟೆ ಬದಲಿಸುವ ತೊಂದರೆ ಇದ್ದರೆ, ಪಿಟಿ ಇರುವ ದಿನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡೇ ಬರಲು ಬಿಡಿ ಅಂತ ಕೇಳಿ. ಇದಕ್ಕೆ ಇಲ್ಲ ಅನ್ನುವುದು ಕಷ್ಟ.

ಕಲಬುರಗಿಯ ಒಬ್ಬರು

ಎಲ್ಲಾ ಮೊಬೈಲ್ ನೋಡಿ ಕಲಿಯುವುದು. ನಮ್ಮ ಕಾಲದಲ್ಲಿ ಇದೆಲ್ಲಾ ಇರಲಿಲ್ಲ. ಕೂದಲು ಕತ್ತರಿಸಿದರೆ ಎರಡು ದಿನ ಅಳುತ್ತದೆ, ಆಮೇಲೆ ಸರಿ ಹೋಗುತ್ತದೆ.

ಯಾದಗಿರಿಯ ಟ್ರಾನ್ಸ್ ಮಹಿಳೆ

ಮೇಲಿನ ಕಾಕಾ ಅವರಿಗೆ: ನನ್ನ ಕಾಲದಲ್ಲಿ ಮೊಬೈಲ್ ಇರಲಿಲ್ಲ. ಕೂದಲು ಕತ್ತರಿಸಿದರು. ಎರಡು ದಿನ ಅಲ್ಲ, ಇಪ್ಪತ್ತು ವರ್ಷ ಆಯಿತು.

ಅಕ್ಕಾ, ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟೆ. ಯಾರೂ ಹೊರಗೆ ಹಾಕಲಿಲ್ಲ. "ವಿದ್ಯಾರ್ಥಿ ತಾನೇ ಶಾಲೆ ಬಿಟ್ಟಿದ್ದಾನೆ" ಅಂತ ರಿಜಿಸ್ಟರ್‌ನಲ್ಲಿದೆ. ದಿನಾ ಹಿಂದಿನ ಬೆಂಚಿನಿಂದ "ಛಕ್ಕಾ" ಅಂತ ಕೂಗುವುದು, ಮಾಸ್ತರು ಕೇಳಿಸದ ಹಾಗೆ ಬೋರ್ಡಿನ ಕಡೆ ತಿರುಗುವುದು, ಅದು ಯಾವ ರಿಜಿಸ್ಟರ್‌ನಲ್ಲೂ ಇಲ್ಲ. ಮನೆಯಲ್ಲಿ ಎಲ್ಲಮ್ಮ ಮೈಮೇಲೆ ಬಂದಿದ್ದಾಳೆ, ಮುತ್ತು ಕಟ್ಟಿಸಿ ದೇವಿಗೆ ಬಿಟ್ಟುಬಿಡೋಣ ಅಂದರು. ಹಾಗೆ ದೇವಿಯ ಸೇವೆಗೆ ನಿಂತ ಜೋಗಪ್ಪಗಳ ಬಗ್ಗೆ ನನಗೆ ಗೌರವ ಇದೆ, ತಪ್ಪು ತಿಳಿಯಬೇಡಿ. ಕಷ್ಟಕ್ಕೆ ಊಟ ಹಾಕಿದವರು ಅವರೇ. ಆದರೆ ನನಗೆ ಆಗ ಬೇಕಿದ್ದದ್ದು ಹತ್ತನೇ ತರಗತಿ. 2021ರಲ್ಲಿ ನಮ್ಮಂಥವರೇ ಆದ ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಕೊಟ್ಟಾಗ ನಮ್ಮ ಓಣಿಯವರು ನನಗೂ ಪೇಡೆ ತಂದು ಕೊಟ್ಟರು. ತಿಂದೆ. ಅದೇ ಓಣಿಯಲ್ಲಿ ನನ್ನ ಪಾಟಿಚೀಲ ಗಟಾರಕ್ಕೆ ಎಸೆದಿದ್ದರು.

ನಮ್ಮ ರಾಜ್ಯದ ಸರ್ಕಾರಿ ನೌಕರಿಯಲ್ಲಿ ನಮಗೆ 2021ರಿಂದ 1% ಮೀಸಲಾತಿ ಇದೆ. ಅರ್ಜಿಗೆ ಮಾರ್ಕ್ಸ್ ಕಾರ್ಡ್ ಬೇಕಲ್ಲ? ಖಾಸಗಿ ಅಭ್ಯರ್ಥಿಯಾಗಿ ಹತ್ತನೇ ತರಗತಿ ಪಾಸ್ ಮಾಡುವ ಹೊತ್ತಿಗೆ ನನಗೆ ಮೂವತ್ತು. ಅದಕ್ಕೇ ಟಿಸಿ ಮಾತ್ರ ತೆಗೆದುಕೊಳ್ಳಬೇಡಿ. ಇನ್ನೊಂದು, ಮಗುವಿಗೆ "ನೀನು ಏನು, ಹೇಳಿಬಿಡು" ಅಂತ ಗಂಟು ಬೀಳಬೇಡಿ. ಹದಿಮೂರು ವರ್ಷಕ್ಕೆ ನನಗೂ ಗೊತ್ತಿರಲಿಲ್ಲ. ಏನು ಅಲ್ಲ ಅನ್ನುವುದು ಮಾತ್ರ ಗೊತ್ತಿತ್ತು.

ಕಲಬುರಗಿಯ ವಕೀಲರು

ಟಿಸಿ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಮಗು ಇನ್ನೂ ಎಂಟನೇ ತರಗತಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಮಾನಸಿಕ ಕಿರುಕುಳವನ್ನೂ 17ನೇ ಕಲಂ ನಿಷೇಧಿಸುತ್ತದೆ. ಅವರು ಬಾಯಿಮಾತಲ್ಲಿ ಹೇಳುತ್ತಾರೆ, ಬರೆದು ಕೊಡುವುದಿಲ್ಲ. "ಟಿಸಿ ತೆಗೆದುಕೊಳ್ಳಿ ಅಂದದ್ದನ್ನು ಕಾರಣ ಸಮೇತ ಬರೆದು ಕೊಡಿ" ಅಂತ ಕೇಳಿ. ನನ್ನ ಅನುಭವದಲ್ಲಿ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಪ್ಯಾಂಟ್ ಎಳೆಯುವುದು ಹುಡುಗಾಟ ಅಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಲ್ಲಿ ಮಗು ಅಂದರೆ 18 ತುಂಬದ ಯಾರಾದರೂ. ಗಂಡು ಹೆಣ್ಣು ಎಂಬ ಭೇದ ಇಲ್ಲ. ಗೊತ್ತಿದ್ದೂ ಶಾಲೆ ಮುಚ್ಚಿಟ್ಟರೆ ಅದೂ ಅಪರಾಧ. ಎದುರಿಗಿರುವವರೂ ಮಕ್ಕಳೇ ಅಂತ ನೆನಪಿಟ್ಟುಕೊಂಡು, ಅವರ ತಂದೆತಾಯಿಯನ್ನು ಕರೆಸುವ ಜವಾಬ್ದಾರಿ ಶಾಲೆಯ ಮೇಲೇ ಹಾಕಿ. ಶಾಲೆ ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಸುಪ್ರೀಂ ಕೋರ್ಟ್ 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಹೂಡಿದ್ದ ಪ್ರಕರಣದ) ತೀರ್ಪಿನಲ್ಲೇ ತನ್ನ ಲಿಂಗತ್ವವನ್ನು ಗುರುತಿಸಿಕೊಳ್ಳುವ ಹಕ್ಕಿನ ಬಗ್ಗೆ ಹೇಳಿದೆ. 2024ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಟ್ರಾನ್ಸ್ ವ್ಯಕ್ತಿಯೊಬ್ಬರ ಜನನ ಪ್ರಮಾಣಪತ್ರದಲ್ಲಿ ಹಳೆಯ ಹೆಸರಿನ ಜೊತೆ ಹೊಸ ಹೆಸರು, ಲಿಂಗ ಎರಡನ್ನೂ ನಮೂದಿಸಿ ಕೊಡಲು ಹೇಳಿತು. ಆದರೆ ಅದೆಲ್ಲಾ ಮುಂದಿನ ಮಾತು. ಈಗಲೇ ಕಾಗದಪತ್ರಕ್ಕೆ ಓಡಾಡಬೇಡಿ. "ಸರ್ಟಿಫಿಕೇಟ್ ತನ್ನಿ" ಅಂತ ಶಾಲೆಯವರು ಅಂದರೆ ಒಂದೇ ಮಾತು ಕೇಳಿ: ಮೂತ್ರಕ್ಕೆ ಹೋಗಲು ಯಾವ ಮಗುವಿನ ಹತ್ತಿರ ಸರ್ಟಿಫಿಕೇಟ್ ಕೇಳಿದ್ದೀರಿ?

ಬೀದರ್ ಕಡೆಯ ಶಿಕ್ಷಕಿ

ಒಂದು ಮರೆತೆ. ಮಗು ರಾತ್ರಿ ನಿದ್ದೆ ಮಾಡದಿದ್ದರೆ, ಸಾಯುವ ಮಾತಾಡಿದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ. ಪತ್ರದಲ್ಲಿ ಏನು ಬರೆಯುತ್ತೀರಿ ಅಂತ ಮಗುವಿಗೆ ಮೊದಲು ಓದಿ ಹೇಳಿ. ಬೇಡ ಅಂದ ಸಾಲು ತೆಗೆದುಬಿಡಿ. ನನ್ನ ಹಾಗೆ ಮಾಡಬೇಡಿ.

ಕೇಳಿದ ತಾಯಿ, ಎಂಟು ದಿನದ ನಂತರ

ಎಲ್ಲರಿಗೂ ಶರಣು. ಪತ್ರ ಮಗುವಿಗೆ ಓದಿ ಹೇಳಿದೆ. "ಹುಡುಗ ಅಲ್ಲ" ಅನ್ನುವ ಸಾಲು ಬೇಡ, ಸಂಡಾಸದ್ದು, ಕೂದಲಿಂದು ಇರಲಿ ಅಂತು. ಅದನ್ನಷ್ಟೇ ಬರೆದೆ. ಟಿಸಿ ಮಾತು ಬರೆದು ಕೊಡಿ ಅಂದಾಗ ಮೇಡಂ ಸ್ವಲ್ಪ ಹೊತ್ತು ಫ್ಯಾನ್ ನೋಡಿದರು. "ಹಾಗೆ ಯಾರೂ ಅಂದಿಲ್ಲ" ಅಂದರು. ನಾನೂ ಹೌದ್ರಿ ಅಂದೆ. ಪತ್ರದ ನಕಲಿಗೆ ಸೀಲ್ ಹಾಕಿ ಕೊಟ್ಟರು. ಕೂದಲು ಎಣ್ಣೆ ಹಚ್ಚಿ ಹಿಂದೆ ಕಟ್ಟಿಕೊಂಡು ಬಂದರೆ ನಡೆಯುತ್ತದಂತೆ. ಆ ಹುಡುಗರ ಮನೆಯವರನ್ನು ಕರೆಸಿಲ್ಲ, ಬಿಡುವುದಿಲ್ಲ ನಾನು. ಅಂದಹಾಗೆ, ಪತ್ರದ ಪ್ರಿಂಟ್ ತೆಗೆಸಿಕೊಂಡು ಬಂದದ್ದು ನಮ್ಮ ಮನೆಯವರೇ. ಏನೂ ಮಾತಾಡಲಿಲ್ಲ, ತಂದು ಟಿವಿ ಮೇಲಿಟ್ಟರು.

ಸ್ಟಾಫ್ ಶೌಚಾಲಯದ ಕೀಲಿಕೈ ವಿಜ್ಞಾನದ ಅಕ್ಕೋರ ಹತ್ತಿರ ಇಟ್ಟಿದ್ದಾರೆ. ಮೂರು ದಿನ ಬಾಟಲಿ ಖಾಲಿ ಬಂತು. ಶನಿವಾರ ಅಕ್ಕೋರು ರಜೆ, ಬಾಟಲಿ ಮತ್ತೆ ತುಂಬಿಕೊಂಡೇ ಬಂತು. ಇದಕ್ಕೇನು ಮಾಡಲಿ?

ಯಾದಗಿರಿ ಜಿಲ್ಲೆಯ ಪಿಟಿ ಸರ್

ಮೇಡಂ ಅವರನ್ನು ಕೇಳಿ ಇನ್ನೊಂದು ಕೀಲಿಕೈ ಮಾಡಿಸಿ ಅಕ್ಕಾ. ನಿಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋದರೆ ಹತ್ತು ನಿಮಿಷದ ಕೆಲಸ. ಒಂದನ್ನು ಆಯಾ ಹತ್ತಿರ ಕೊಡಿ, ಆಯಾ ರಜೆ ಹಾಕುವುದು ಕಡಿಮೆ.