ಮಂಗಳೂರಿನ ಬಾಡಿಗೆ ಹೆಚ್ಚಾಯಿತೆಂದು ತಲಪಾಡಿ ದಾಟುವುದಾದರೆ

ಪ್ರಶ್ನೆ: ಕೆಲಸ ಹಂಪನಕಟ್ಟೆಯಲ್ಲಿ, ಮನೆ ಬಿಜೈಯಲ್ಲಿ. ಬಾಡಿಗೆ ಕೊಟ್ಟು ಪೂರೈಸುವುದಿಲ್ಲ. ಗಡಿ ದಾಟಿ ಕೇರಳದ ಮಂಜೇಶ್ವರ, ಉಪ್ಪಳ ಕಡೆ ಮನೆ ಮಾಡಿ ದಿನಾ ಹೋಗಿ ಬರುವ ಅಂತ ಆಲೋಚನೆ. ಮಗಳು ಏಳನೇ ಕ್ಲಾಸು, ಕೆಎ-19 ಕಾರು ಉಂಟು. ಮುಂದೆ ಅಲ್ಲೇ ಐದು ಸೆಂಟ್ಸ್ ಜಾಗ ತೆಗೆಯುವ ಆಸೆ. ಗೊತ್ತಿದ್ದವರು ತಿಳಿಸಿ.

ತೊಕ್ಕೊಟ್ಟಿನಿಂದ: ಬಾಡಿಗೆ ಒಂದನ್ನೇ ಲೆಕ್ಕ ಹಾಕಬೇಡಿ ಮಾರಾಯ್ರೆ. ಮೆಸ್ಕಾಂ ಮೀಟರ್ ಬಿಟ್ಟರೆ ಗೃಹಜ್ಯೋತಿ ಹೋಯಿತು. ಗೃಹಲಕ್ಷ್ಮಿಯ 2,000 ರೂಪಾಯಿ ಇಲ್ಲಿನ ರೇಷನ್ ಕಾರ್ಡಿನ ಮೇಲೆ ಬರುವುದು, ಕಾರ್ಡು ಕೇರಳಕ್ಕೆ ಬದಲಾದರೆ ಅದೂ ಇಲ್ಲ. ಅಲ್ಲಿನ ಕರೆಂಟು ಮಂಡಳಿ ಕೆಎಸ್‌ಇಬಿಯ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ಬಳಕೆ ತಿಂಗಳಿಗೆ 250 ಯೂನಿಟ್ ದಾಟಿದರೆ ಸ್ಲ್ಯಾಬ್ ಲೆಕ್ಕ ಇಲ್ಲ, ಮೊದಲನೇ ಯೂನಿಟ್‌ನಿಂದಲೇ ಮೇಲಿನ ದರ. ಏಪ್ರಿಲ್, ಮೇ ಸೆಕೆಗೆ ಎಸಿ ಹಾಕುವ ಮನೆಯಾದರೆ ಇದು ದೊಡ್ಡ ಮೊತ್ತವೇ.

ಕಾರಲ್ಲಿ ಬಂದರೆ ತಲಪಾಡಿ ಟೋಲ್ ಉಂಟು. ಟೋಲ್‌ನಿಂದ 20 ಕಿ.ಮೀ. ಒಳಗಿರುವವರ ಸ್ವಂತ ಕಾರಿಗೆ ತಿಂಗಳ ಪಾಸ್ ಸಿಗುತ್ತದೆ, ವಿಳಾಸದ ದಾಖಲೆ ಬೇಕು. ರೈಲಿನ ಸೀಸನ್ ಟಿಕೆಟೇ ಎಲ್ಲಕ್ಕಿಂತ ಅಗ್ಗ. ಆದರೆ ಹೆಚ್ಚಿನ ಎಕ್ಸ್‌ಪ್ರೆಸ್‌ಗಳು ಮಂಜೇಶ್ವರ, ಉಪ್ಪಳದಲ್ಲಿ ನಿಲ್ಲುವುದಿಲ್ಲ. ಮನೆಗೆ ಅಡ್ವಾನ್ಸ್ ಕೊಡುವ ಮೊದಲು ಸಂಜೆ ಸೆಂಟ್ರಲ್‌ನಿಂದ ಹೊರಡುವ, ಅಲ್ಲಿ ನಿಲ್ಲುವ ರೈಲು ನಿಮ್ಮ ಆಫೀಸಿನ ಹೊತ್ತಿಗೆ ಹೊಂದುತ್ತದಾ ನೋಡಿ.

ಬರೀ ಬಾಡಿಗೆ ಮನೆಗಾದರೆ ಕೋಟೆಕಾರು, ಸೋಮೇಶ್ವರ ಕಡೆ ಮೊದಲು ಹುಡುಕಿ ಅಂತ ನಾನು ಹೇಳುವುದು. ಟೋಲ್ ಇಲ್ಲ, ಕಾಗದಪತ್ರ ಯಾವುದೂ ಬದಲಾಗುವುದಿಲ್ಲ.

ಮಂಜೇಶ್ವರದಿಂದ: ಮಗಳ ವಿಷಯದಲ್ಲಿ ಅವಸರ ಬೇಡ. ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯ ನಿಯಮ ಹೀಗೆ: ಒಂದರಿಂದ ದ್ವಿತೀಯ ಪಿಯುಸಿ ಒಳಗೆ ಕನಿಷ್ಠ 7 ವರ್ಷ ಕರ್ನಾಟಕದ ಶಾಲೆಯಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯಲ್ಲಿ ಒಂದನ್ನು ಕರ್ನಾಟಕದಲ್ಲೇ ಪಾಸಾಗಿರಬೇಕು. ಒಂದನೇ ಕ್ಲಾಸಿನಿಂದ ಕರ್ನಾಟಕದಲ್ಲೇ ಓದಿದ್ದರೆ ಏಳನೆಯದನ್ನು ಮುಗಿಸಿಯೇ ಹೊರಡಿಸಿ, ಪಿಯುಸಿಗೆ ಮಂಗಳೂರಿಗೆ ಸೇರಿಸಿ. ಲೆಕ್ಕ ಸರಿಯಾಗುತ್ತದೆ. ಮನೆ ಎಲ್ಲಿ ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ, ಶಾಲೆ ಎಲ್ಲಿ ಎಂಬುದೇ ಮುಖ್ಯ. ಹಾಗಾಗಿ ಈಗಿನ ಶಾಲೆಗೇ ಕಳಿಸುತ್ತಾ ಇದ್ದರೂ ಆಯಿತು. ಪೂರ್ತಿ ಇಲ್ಲಿ ಓದಿದ ಕಾಸರಗೋಡಿನ ಮಕ್ಕಳಿಗೆ ಗಡಿನಾಡ ಕನ್ನಡಿಗರ ದಾರಿ ಬೇರೆ ಉಂಟು, ಅದಕ್ಕೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಕನ್ನಡ ಪರೀಕ್ಷೆ ಬರೆಯಬೇಕು.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿವರೆಗೆ ಇಲ್ಲಿ ಓದಬಹುದು. ಟಿಸಿಗೆ ಬಿಇಒ ಮೇಲು ಸಹಿಯನ್ನು ಹೊರಡುವ ಮೊದಲೇ ಹಾಕಿಸಿ. ರಾಜ್ಯ ಬದಲಾದರೆ ಶಾಲೆಯವರು ಕೇಳುತ್ತಾರೆ.

ಕುಂಬಳೆಯಿಂದ: ಜಾಗದ ಬಗ್ಗೆ. ದರ ಕಡಿಮೆ ಅಂತ ಬ್ರೋಕರ್ ತೋರಿಸುವ ಜಾಗ ಎಷ್ಟೋ ಸಲ ಹಳೇ ಗದ್ದೆ. ವಿಲೇಜ್ ಆಫೀಸಿನ ದಾಖಲೆಯಲ್ಲಿ ‘ಪುರಯಿಡಂ’ (ಹಿತ್ತಿಲು ಜಾಗ) ಅಂತ ಇರಬೇಕು. ‘ನಿಲಂ’ ಅಂತಿದ್ದರೆ ಅದು ಗದ್ದೆ. 2008ರ ಭತ್ತದ ಗದ್ದೆ ಸಂರಕ್ಷಣಾ ಕಾಯ್ದೆಯ ಡೇಟಾ ಬ್ಯಾಂಕಿನಲ್ಲಿ (ಗದ್ದೆಗಳ ಪಟ್ಟಿಯಲ್ಲಿ) ಆ ಸರ್ವೆ ನಂಬ್ರ ಸೇರಿದ್ದರೆ ಮನೆ ಕಟ್ಟಲು ಪರ್ಮಿಟ್ ಸಿಗುವುದಿಲ್ಲ. ತಪ್ಪಿ ಸೇರಿದೆ ಅಂತ ತೆಗೆಸಲು ನಮೂನೆ 5ರ ಅರ್ಜಿ ಹಾಕಬೇಕು, ಅದಕ್ಕೆ ಕಾಯುವ ಕೆಲಸ ಉಂಟು. ‘ಈಗ ತೆಗೊಳ್ಳಿ, ಆಮೇಲೆ ತೆಗೆಸುವ’ ಎಂಬ ಮಾತಿಗೆ ದುಡ್ಡು ಕೊಡಬೇಡಿ. ಮಣ್ಣು ತುಂಬಿಸಿ ತೆಂಗು ನೆಟ್ಟಿದ್ದಾರೆ ಅಂದ ಮಾತ್ರಕ್ಕೆ ದಾಖಲೆ ಬದಲಾಗುವುದಿಲ್ಲ.

ಮೂವತ್ತು ವರ್ಷದ ಇಸಿ (ಋಣಭಾರ ಪತ್ರ), ಹಿಂದಿನ ಆಧಾರ (ಕ್ರಯಪತ್ರ), ಈ ವರ್ಷದ ತೀರ್ವೆ (ಭೂ ತೆರಿಗೆ) ರಶೀದಿ, ಮೂರನ್ನೂ ಕೈಯಲ್ಲಿ ಹಿಡಿದೇ ಮಾತಾಡಿ. ಸ್ಟಾಂಪ್ ಡ್ಯೂಟಿ 8%, ರಿಜಿಸ್ಟ್ರೇಶನ್ 2%. ಹತ್ತು ಲಕ್ಷದ ಜಾಗಕ್ಕೆ ಒಂದು ಲಕ್ಷ ಬೇರೆಯೇ ತೆಗೆದಿಡಿ. ಆಧಾರ ಆದ ಮೇಲೆ ಪೋಕ್ಕುವರವು (ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸಿ ನಿಮ್ಮ ಹೆಸರಲ್ಲಿ ತೀರ್ವೆ ಕಟ್ಟುವವರೆಗೆ ಕೆಲಸ ಮುಗಿದಿಲ್ಲ. ಕಡಲ ಬದಿಯಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗಡಿ ನೋಡಿ. ಬಾವಿ ನೀರನ್ನು ಮಳೆಗಾಲದಲ್ಲಿ ನೋಡಿ ಒಪ್ಪಬೇಡಿ, ಮೇ ತಿಂಗಳಲ್ಲಿ ಕುಡಿದು ನೋಡಿ. ಉಪ್ಪು ಬರುವುದಿದ್ದರೆ ಆಗಲೇ ಗೊತ್ತಾಗುವುದು.

ಪಂಪ್‌ವೆಲ್‌ನಿಂದ: ಕಾರಿಗೆ 12 ತಿಂಗಳ ಅವಕಾಶ ಉಂಟು, ಅದಕ್ಕಿಂತ ಹೆಚ್ಚು ಅಲ್ಲಿಟ್ಟರೆ ಕಾಸರಗೋಡಿನ ಕೆಎಲ್-14 ನಂಬ್ರ ಮಾಡಿಸಬೇಕು. ಮೊದಲು ಬಾಕಿ ಇ-ಚಲನ್ ಎಲ್ಲ ಕಟ್ಟಿ, ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ತೆಗೆದು, ನಮೂನೆ 28ರಲ್ಲಿ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ). ನಂತರ ಅಲ್ಲಿ ನಮೂನೆ 27 ಮತ್ತು ತೆರಿಗೆ. ಇಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಪಾಲು ಹೊಸ ಆರ್‌ಸಿ ತೋರಿಸಿದ ಮೇಲೇ ವಾಪಸ್. ಅಷ್ಟರವರೆಗೆ ಎರಡೂ ಕಡೆಯ ತೆರಿಗೆ ನಿಮ್ಮ ಕೈಯಿಂದಲೇ ಹೋಗಿರುತ್ತದೆ, ಆ ದುಡ್ಡು ಸಿದ್ಧ ಇರಲಿ. ಇನ್ಶೂರೆನ್ಸ್, ಫಾಸ್ಟ್ಯಾಗ್‌ನಲ್ಲೂ ನಂಬ್ರ ಬದಲಿಸಿ.

ತೊಕ್ಕೊಟ್ಟಿನಿಂದ ಮತ್ತೆ: ಗ್ಯಾಸ್ ಬಿಟ್ಟುಹೋಯಿತು. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಒಪ್ಪಿಸಿ ಟರ್ಮಿನೇಶನ್ ವೋಚರ್ ತೆಗೊಳ್ಳಿ. ಅದನ್ನು ತೋರಿಸಿದರೆ ಅಲ್ಲಿ ಕನೆಕ್ಷನ್ ಕೊಡುತ್ತಾರೆ, ಡೆಪಾಸಿಟ್ ಮಾತ್ರ ಈಗಿನ ದರದಲ್ಲಿ. ವೋಟರ್ ಪಟ್ಟಿಗೆ ನಮೂನೆ 8 ಸಾಕು.